ಯಾರದೋ ಕೆಲಸಕ್ಕೆ ಹುಟ್ಟಿದ ವಾಚುಗಳು

ಹಳೇ ಕ್ರೋನೋಗ್ರಾಫ್ ವಾಚನ್ನು, ಅಂದರೆ ಒಳಗೇ ಸ್ಟಾಪ್‌ವಾಚು ಇರುವ ವಾಚನ್ನು, ಮೊದಲ ಸಲ ಹತ್ತಿರದಿಂದ ನೋಡಿದವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ. ಇಷ್ಟೊಂದು ಅಂಕಿ ಯಾಕೆ? ಅಂಚಿನ ಸುತ್ತ ಒಂದು ಸಾಲು, ಅದರ ಒಳಗೆ ಇನ್ನೊಂದು ಸಾಲು. ಮಧ್ಯದಲ್ಲಿ ಎರಡೋ ಮೂರೋ ಪುಟ್ಟ ಡಯಲ್. ಬಲಗಡೆ ಕೀ ಕೊಡುವ ತಿರುಪು, ಅದರ ಮೇಲೊಂದು ಕೆಳಗೊಂದು ಗುಂಡಿ. ಗಂಟೆ ಎಷ್ಟು ಅಂತ ನೋಡುವುದಕ್ಕೆ ಇದ್ಯಾವುದೂ ಬೇಕಿಲ್ಲ. ನಿಜ ಹೇಳಬೇಕೆಂದರೆ ಅಡ್ಡಿಯೇ ಜಾಸ್ತಿ. ಪುಟ್ಟ ಡಯಲ್‌ಗಳು 3, 9ರ ಅಂಕಿಗಳನ್ನು ಅರ್ಧಕ್ಕರ್ಧ ನುಂಗಿಹಾಕಿರುತ್ತವೆ.

ನನಗೆ ಈ ಹುಚ್ಚು ಹತ್ತಿದ್ದು ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ. ಆ ಅಂಕಿಗಳು ಅಂದಕ್ಕೆ ಅಂತ ಬಂದವಲ್ಲ. ಪ್ರತಿ ಸಾಲಿನ ಹಿಂದೆಯೂ ಒಂದು ಕಸುಬಿದೆ. ಆ ಕಸುಬಿನವರಿಗೆ ಸೆಕೆಂಡುಗಳ ಲೆಕ್ಕ ಬೇಕಾಗಿತ್ತು. ಡಯಲ್ ಓದಲು ಬಂದರೆ ಸಾಕು, ಆ ವಾಚು ಯಾರಿಗಾಗಿ ಮಾಡಿದ್ದು ಅಂತ ಗೊತ್ತಾಗಿಬಿಡುತ್ತದೆ. ಹಳೇ ಕ್ರೋನೋಗ್ರಾಫ್ ಕೂಡಿಡುವುದರಲ್ಲಿ ನನಗೆ ಸಿಗುವ ಸುಖದ ಮುಕ್ಕಾಲು ಪಾಲು ಇದೇ. ಬೆಲೆ, ಬ್ರ್ಯಾಂಡು, ಹರಾಜು ಎಲ್ಲ ಆಮೇಲಿನ ಮಾತು.

ಪಲ್ಸೋಮೀಟರ್ ಡಯಲನ್ನೇ ತೆಗೆದುಕೊಳ್ಳಿ. ಇದು ಡಾಕ್ಟರುಗಳ ವಾಚು. 30 ಬಡಿತಕ್ಕೆ ಲೆಕ್ಕ ಕಟ್ಟಿದೆ ಅಂತ ಡಯಲ್ ಮೇಲೆ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿರುತ್ತಾರೆ. ಕೆಲವದರಲ್ಲಿ 15 ಬಡಿತ. ರೋಗಿಯ ನಾಡಿ ಹಿಡಿದು ಗುಂಡಿ ಒತ್ತಬೇಕು. ಮನಸ್ಸಿನಲ್ಲೇ 30ರವರೆಗೆ ಎಣಿಸಿ ಮತ್ತೆ ಒತ್ತಬೇಕು. ಮುಳ್ಳು 25ನೇ ಸೆಕೆಂಡಿನಲ್ಲಿ ನಿಂತಿತು ಅಂದುಕೊಳ್ಳಿ. ಅದರ ಎದುರಿಗೆ ಅಂಚಿನಲ್ಲಿರುವ ಅಳತೆ 72 ತೋರಿಸುತ್ತದೆ. ನಿಮಿಷಕ್ಕೆ 72 ಬಡಿತ. ಗುಣಿಸುವ, ಭಾಗಿಸುವ ಕೆಲಸವನ್ನೆಲ್ಲ ಡಯಲ್ ಬರೆದವನೇ ಮಾಡಿಟ್ಟಿದ್ದಾನೆ. ಡಾಕ್ಟರಿಗೆ ಉಳಿದದ್ದು ಎಣಿಸುವುದು ಮಾತ್ರ.

ಟೆಲಿಮೀಟರ್ ಇರುವ ಡಯಲ್ ಸೈನಿಕರದ್ದು. ದೂರದಲ್ಲಿ ಫಿರಂಗಿ ಹಾರಿದ ಬೆಳಕು ಕಂಡ ಕೂಡಲೇ ಒತ್ತುವುದು, ಸದ್ದು ಕಿವಿಗೆ ಬಿದ್ದ ಕೂಡಲೇ ಮತ್ತೆ ಒತ್ತುವುದು. ಸದ್ದು ಒಂದು ಕಿಲೋಮೀಟರ್ ದಾಟಲು ಹೆಚ್ಚುಕಮ್ಮಿ 3 ಸೆಕೆಂಡ್ ಬೇಕು. ಹಾಗಾಗಿ ಮುಳ್ಳು 6 ಸೆಕೆಂಡಿಗೆ ನಿಂತರೆ ಫಿರಂಗಿ ಎರಡು ಕಿಲೋಮೀಟರ್ ಆಚೆ ಇದೆ ಅಂತ ಅರ್ಥ. ನಮ್ಮ ಪುಣ್ಯ, ನಮಗೆ ಫಿರಂಗಿ ಇಲ್ಲ. ಆದರೆ ಮಿಂಚು ಗುಡುಗು ಎಲ್ಲರಿಗೂ ಇದೆ. ಮಳೆಗಾಲದಲ್ಲಿ ನಾನು ಟೆಲಿಮೀಟರ್ ವಾಚು ಕಟ್ಟಿಕೊಂಡು ಕಿಟಕಿ ಹತ್ತಿರ ನಿಂತಿದ್ದರೆ ಮನೆಯವರು ಮಾತಾಡಿಸುವುದಿಲ್ಲ. ಮಿಂಚು, ಒತ್ತು. ಗುಡುಗು, ಒತ್ತು. ನಾಲ್ಕು ಕಿಲೋಮೀಟರ್. ಮುಂದಿನ ಸಲ ಮೂರೂವರೆ. ಮಳೆ ಹತ್ತಿರ ಬರುತ್ತಿದೆ ಅಂತ ಹೇಳಲು ಇಷ್ಟೆಲ್ಲ ಬೇಕಿಲ್ಲ, ಗೊತ್ತು. ಆದರೂ ಆ ಅಳತೆ ಇವತ್ತಿಗೂ ಸರಿಯಾಗೇ ಇದೆ ಅನ್ನುವುದು ನನಗೆ ಖುಷಿ ಕೊಡುತ್ತದೆ. ಸದ್ದಿನ ವೇಗ ಬದಲಾಗಿಲ್ಲವಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಣಸಿಗುವುದು ಟ್ಯಾಕಿಮೀಟರ್. ಗಾಡಿಯ ವೇಗ ಅಳೆಯುವುದು. ರಸ್ತೆಯ ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದು ಕಲ್ಲಿಗೆ 45 ಸೆಕೆಂಡ್ ಹಿಡಿದರೆ ಗಂಟೆಗೆ 80 ಕಿಲೋಮೀಟರ್. 30 ಸೆಕೆಂಡ್ ಹಿಡಿದರೆ 120. 1930, 40ರ ದಶಕದ ಕೆಲವು ಡಯಲ್‌ಗಳಲ್ಲಿ ಈ ಅಳತೆ ಒಂದೇ ಸುತ್ತಿಗೆ ಮುಗಿಯುವುದಿಲ್ಲ. ಒಳಮುಖವಾಗಿ ಸುರುಳಿ ಸುತ್ತಿಕೊಂಡು ಡಯಲಿನ ನಡುವಿನವರೆಗೂ ಹೋಗುತ್ತದೆ. ಕಾರಣ ಸರಳ. ಗಂಟೆಗೆ 60 ಕಿಲೋಮೀಟರ್‌ಗಿಂತ ನಿಧಾನ ಹೋಗುವ ಗಾಡಿಗೆ ಒಂದು ಕಿಲೋಮೀಟರ್ ದಾಟಲು ಒಂದು ನಿಮಿಷಕ್ಕಿಂತ ಜಾಸ್ತಿ ಬೇಕು. ಆಗ ಮುಳ್ಳು ಎರಡನೇ ಸುತ್ತು ಹೊಡೆಯಬೇಕು, ಅಳತೆಗೂ ಎರಡನೇ ಸುತ್ತು ಬೇಕು. ಆಗಿನ ರಸ್ತೆಗಳಲ್ಲಿ ಗಾಡಿಗಳು ಎಷ್ಟು ನಿಧಾನ ಓಡುತ್ತಿದ್ದವು ಅನ್ನುವುದು ಆ ಸುರುಳಿಯಲ್ಲೇ ಇದೆ. ಮುಂದೆ ಕಾರುಗಳ ವೇಗ ಏರಿದ ಹಾಗೆ ಸುರುಳಿ ಮಾಯವಾಯಿತು. 1957ರಲ್ಲಿ ಒಮೇಗಾ ಸ್ಪೀಡ್‌ಮಾಸ್ಟರ್ ಬಂದಾಗ ಟ್ಯಾಕಿಮೀಟರ್ ಡಯಲನ್ನೇ ಬಿಟ್ಟು ಹೊರಗಿನ ಬಳೆಯ ಮೇಲೆ ಹೋಗಿ ಕೂತಿತ್ತು. ಡಯಲ್ ಖಾಲಿ, ಒಂದೇ ನೋಟಕ್ಕೆ ಓದಬಹುದು. ಸ್ಟಿಯರಿಂಗ್ ಹಿಡಿದವನಿಗೆ ಬೇಕಾದ್ದು ಅದೇ ಅಲ್ವಾ.

ಇನ್ನೊಂದು ಸಣ್ಣ ಗುರುತಿದೆ, ಬಹಳ ಜನ ಗಮನಿಸುವುದಿಲ್ಲ. ಕೆಲವು ವಾಚುಗಳಲ್ಲಿ ನಿಮಿಷ ಎಣಿಸುವ ಪುಟ್ಟ ಡಯಲಿನ 3, 6, 9ರ ಗೆರೆಗಳು ಉಳಿದವಕ್ಕಿಂತ ಉದ್ದ ಇರುತ್ತವೆ. ಇದು ಟ್ರಂಕ್ ಕಾಲ್ ಕಾಲದ್ದು ಅಂತ ಸಂಗ್ರಹಕಾರರು ಹೇಳುತ್ತಾರೆ. ದೂರದ ಫೋನ್ ಕರೆಗೆ ಮೂರು ಮೂರು ನಿಮಿಷಕ್ಕೆ ದುಡ್ಡು ಏರುತ್ತಿದ್ದ ದಿನಗಳು. ಮಾತು ಎಷ್ಟೇ ಮುಖ್ಯವಾಗಿರಲಿ, ಕಣ್ಣು ಆ ಗೆರೆಯ ಮೇಲೆ.

ಈ ಯಂತ್ರ ಹುಟ್ಟಿದ್ದೂ ಹೀಗೇ, ಒಬ್ಬೊಬ್ಬರ ಅಗತ್ಯಕ್ಕೆ. 1816ರಲ್ಲಿ ಫ್ರಾನ್ಸಿನ ಲೂಯಿ ಮೊಯ್ನೆ ಆಕಾಶಕಾಯಗಳ ಚಲನೆ ಅಳೆಯಲು ಒಂದು ಯಂತ್ರ ಮಾಡಿ ಮುಗಿಸಿದ. ಅದು ಸೆಕೆಂಡಿನ 60ನೇ ಒಂದು ಭಾಗ ಅಳೆಯುತ್ತಿತ್ತು. ಆ ಕಾಲಕ್ಕೆ ನಂಬಲಾಗದ ಮಾತು. ಆ ಯಂತ್ರ ಎಷ್ಟು ಮರೆಯಾಗಿತ್ತೆಂದರೆ 2013ರವರೆಗೆ ಮೊದಲ ಕ್ರೋನೋಗ್ರಾಫ್ ಮಾಡಿದ ಕೀರ್ತಿ ನಿಕೋಲಾ ರಿಯೂಸೆಕ್‌ಗೆ ಹೋಗುತ್ತಿತ್ತು. ಆತ 1821ರಲ್ಲಿ ಪ್ಯಾರಿಸ್ಸಿನ ಕುದುರೆ ಓಟದಲ್ಲಿ ತನ್ನ ಯಂತ್ರ ಪರೀಕ್ಷಿಸಿದ. ಅದರಲ್ಲಿ ತಿರುಗುತ್ತಿದ್ದದ್ದು ಮುಳ್ಳಲ್ಲ, ಡಯಲ್. ಕುದುರೆ ಗುರಿ ದಾಟಿದಾಗ ಗುಂಡಿ ಒತ್ತಿದರೆ ಡಯಲ್ ಮೇಲೆ ಒಂದು ಹನಿ ಶಾಯಿ ಬೀಳುತ್ತಿತ್ತು. ಮುಂದಿನ ಓಟಕ್ಕೆ ಒರೆಸಿಕೊಳ್ಳಬೇಕು. ಒಂದೇ ಒತ್ತಿಗೆ ಮುಳ್ಳು ಸೊನ್ನೆಗೆ ಮರಳುವ ಉಪಾಯಕ್ಕೆ ಅಡಾಲ್ಫ್ ನಿಕೋಲ್ ಪೇಟೆಂಟ್ ಪಡೆದದ್ದು 1844ರಲ್ಲಿ. ಆ ಉಪಾಯ ಇವತ್ತಿನ ಮೆಕ್ಯಾನಿಕಲ್ ಕ್ರೋನೋಗ್ರಾಫ್‌ಗಳಲ್ಲೂ ಹಾಗೇ ಇದೆ.

ಏನದು ಅಂತ ನೋಡಬೇಕಾದರೆ ಹಿಂಬದಿ ಮುಚ್ಚಳ ತೆಗೆಸಬೇಕು. ರಿಪೇರಿ ಬಲ್ಲವರು ನಿಮ್ಮ ಎದುರಿಗೆ ತೆಗೆಯುತ್ತೇನೆ ಅಂದರೆ ಬೇಡ ಅನ್ನಬೇಡಿ. ಕಣ್ಣಿಗೆ ಲೂಪ್, ಅಂದರೆ ರಿಪೇರಿಯವರ ಪುಟ್ಟ ಭೂತಗನ್ನಡಿ, ಸಿಕ್ಕಿಸಿಕೊಂಡು ಬಗ್ಗಿ. ಕೆಳಗೆ ಮಾಮೂಲಿ ವಾಚಿನ ಚಕ್ರಗಳು. ಅದರ ಮೇಲೆ ಇನ್ನೊಂದು ಮಹಡಿ ಎಬ್ಬಿಸಿದ ಹಾಗೆ ಸನ್ನೆಗಳು, ತೆಳ್ಳಗಿನ ಸ್ಪ್ರಿಂಗುಗಳು. ಒಂದು ಕಡೆ ಕಾಲಂ ವೀಲ್ ಇರುತ್ತದೆ. ಗರಗಸದ ಹಲ್ಲಿರುವ ಪುಟ್ಟ ಚಕ್ರ, ಅದರ ಮೇಲೆ ಐದೋ ಆರೋ ಏಳೋ ಕಂಬ. ಮೇಲಿನ ಗುಂಡಿ ಒತ್ತಿದರೆ ಆ ಚಕ್ರ ಒಂದೇ ಒಂದು ಹಲ್ಲಿನಷ್ಟು ತಿರುಗುತ್ತದೆ. ಇಷ್ಟು ಹೊತ್ತು ಕಂಬಕ್ಕೆ ಒರಗಿದ್ದ ಸನ್ನೆಯ ಮೂತಿ ಈಗ ಎರಡು ಕಂಬಗಳ ಸಂದಿಗೆ ಬೀಳುತ್ತದೆ. ಸನ್ನೆಯ ಇನ್ನೊಂದು ತುದಿಯಲ್ಲಿ ಸುಮ್ನೆ ಸುತ್ತುತ್ತಿದ್ದ ಚಕ್ರ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು ನಡುವಿನ ಚಕ್ರದ ಹಲ್ಲಿಗೆ ಹಲ್ಲು ಸೇರಿಸುತ್ತದೆ. ಮುಳ್ಳು ಹೊರಡುತ್ತದೆ. ಕೆಲವು ಸಲ ಹಲ್ಲಿನ ತುದಿಗೇ ತುದಿ ತಾಗಿ ಮುಳ್ಳು ಒಂದು ಸಣ್ಣ ನೆಗೆತ ನೆಗೆದು ಹೊರಡುವುದುಂಟು. ಕೆಟ್ಟಿದೆ ಅಂತ ಹೆದರಬೇಡಿ, ಈ ಜೋಡಣೆಯ ಸ್ವಭಾವವೇ ಅದು.

ಸೊನ್ನೆಗೆ ಮರಳಿಸುವ ಭಾಗ ನನಗೆ ಇನ್ನೂ ಇಷ್ಟ. ನಡುವಿನ ಚಕ್ರದ ಮೇಲೆ ಹೃದಯದ ಆಕಾರದ ಒಂದು ಉಕ್ಕಿನ ತುಂಡು ಇದೆ. ಕೆಳಗಿನ ಗುಂಡಿ ಒತ್ತಿದರೆ ಒಂದು ಪುಟ್ಟ ಸುತ್ತಿಗೆ ಅದರ ಪಕ್ಕೆಗೆ ಬಡಿಯುತ್ತದೆ. ಹೃದಯ ಯಾವ ದಿಕ್ಕಿಗೆ ಮುಖ ಮಾಡಿದ್ದರೂ ಸರಿ, ಏಟು ಬಿದ್ದ ಕೂಡಲೇ ಜಾರಿಕೊಂಡು ತಿರುಗಿ ತನ್ನ ತಗ್ಗಿನಲ್ಲಿ ಸುತ್ತಿಗೆಯನ್ನು ಕೂರಿಸಿಕೊಳ್ಳುತ್ತದೆ. ಮುಳ್ಳು 10ನೇ ಸೆಕೆಂಡಿನಲ್ಲಿದ್ದರೆ ಎಡಕ್ಕೆ, 50ರಲ್ಲಿದ್ದರೆ ಬಲಕ್ಕೆ, ಯಾವುದು ಹತ್ತಿರವೋ ಆ ದಾರಿ. ಇದನ್ನು ಒಳಗಿಂದ ನೋಡಿದ ಮೇಲೆ ಮೇಲಿನಿಂದ ಗುಂಡಿ ಒತ್ತುವ ಅನುಭವವೇ ಬೇರೆ ಆಗುತ್ತದೆ. ಬೆರಳಿಗೆ ಮೊದಲು ಸ್ವಲ್ಪ ತಡೆ ಸಿಗುತ್ತದೆ, ಆಮೇಲೆ ಟಕ್ ಅಂತ ಬಿಡುತ್ತದೆ. ಯಾವ ತುಂಡು ಎಲ್ಲಿಗೆ ಬಿತ್ತು ಅಂತ ಬೆರಳಿಗೇ ಗೊತ್ತಾಗುತ್ತದೆ. ಫೋನಿನ ಸ್ಟಾಪ್‌ವಾಚು ಸೆಕೆಂಡಿನ ನೂರನೇ ಒಂದು ಭಾಗ ತೋರಿಸುತ್ತದೆ. ಹಳೇ ಕ್ರೋನೋಗ್ರಾಫ್ ಬಹುತೇಕ ಐದನೇ ಒಂದು ಭಾಗ, ಯಾಕೆಂದರೆ ಅದರ ಬಡಿತ ಗಂಟೆಗೆ 18,000, ಅಂದರೆ ಸೆಕೆಂಡಿಗೆ 5. ಲೆಕ್ಕದಲ್ಲಿ ಫೋನೇ ಗೆಲ್ಲುತ್ತದೆ. ನಾನು ಆ ಜಗಳಕ್ಕೇ ಹೋಗುವುದಿಲ್ಲ.

ಕಾಲಂ ವೀಲ್ ಮಾಡುವುದು ಖರ್ಚಿನ ಕೆಲಸ. ಒಂದೊಂದು ಕಂಬವನ್ನೂ ಕಡಿದು ತೆಗೆಯಬೇಕು. 1937ರ ಹೊತ್ತಿಗೆ ಲ್ಯಾಂಡೆರಾನ್ ಕಂಪನಿ ಅದರ ಬದಲು ತಗಡಿನಿಂದ ಒತ್ತಿ ತೆಗೆದ ಕ್ಯಾಮ್ (ಸನ್ನೆಗಳನ್ನು ಸರಿಸುವ ಏರುತಗ್ಗಿನ ತುಂಡು) ಬಳಸಲು ಶುರು ಮಾಡಿತು. ಕ್ರೋನೋಗ್ರಾಫ್ ಅಗ್ಗವಾಯಿತು, ಸಾಮಾನ್ಯರ ಕೈಗೂ ಬಂತು. ಸಂಗ್ರಹಕಾರರಲ್ಲಿ ಕಾಲಂ ವೀಲ್ ಮೇಲು, ಕ್ಯಾಮ್ ಕೀಳು ಅನ್ನುವ ಜಾತಿಭೇದ ಇವತ್ತಿಗೂ ಇದೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ನಾನು ಜಾಸ್ತಿ ಕಟ್ಟುವುದೇ ಲ್ಯಾಂಡೆರಾನ್ 48 ಅನ್ನುವ ಯಂತ್ರ ಇರುವ ವಾಚನ್ನು. ಡಯಲ್ ಮೇಲಿರುವ ಹೆಸರನ್ನು ಯಾರೂ ಕೇಳಿಲ್ಲ. ಅದರದ್ದು ಒಂದು ವಿಚಿತ್ರ ನಡವಳಿಕೆ: ಮೇಲಿನ ಗುಂಡಿ ಹೊರಡಿಸಲು ಮಾತ್ರ. ನಿಲ್ಲಿಸಲು ಕೆಳಗಿನದ್ದು, ಸೊನ್ನೆಗೆ ತರಲೂ ಕೆಳಗಿನದ್ದೇ. ಬೇರೆ ಕ್ರೋನೋಗ್ರಾಫ್ ಅಭ್ಯಾಸ ಇರುವವರ ಕೈಗೆ ಕೊಟ್ಟರೆ ಮೇಲಿನದ್ದನ್ನೇ ಒತ್ತಿ ಒತ್ತಿ, "ನಿಲ್ತಾನೇ ಇಲ್ಲ, ಕೆಟ್ಟಿದೆ ಕಣ್ರೀ" ಅನ್ನುತ್ತಾರೆ.

ಹೆಸರಿನ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಆ ಕಾಲದಲ್ಲಿ ಡಯಲ್ ಮೇಲೆ ಹೆಸರು ಬರೆದವರೆಲ್ಲ ಒಳಗಿನ ಯಂತ್ರ ಮಾಡುತ್ತಿರಲಿಲ್ಲ. ವ್ಯಾಲ್ಜೂ, ವೀನಸ್, ಲೆಮೇನಿಯಾ, ಲ್ಯಾಂಡೆರಾನ್ ಇಂಥ ಕೆಲವೇ ಕಂಪನಿಗಳು ಯಂತ್ರ ಮಾಡಿ ಊರಿಗೆಲ್ಲ ಹಂಚುತ್ತಿದ್ದವು. ವ್ಯಾಲ್ಜೂ 72 ಅನ್ನುವ ಒಂದೇ ಯಂತ್ರದ ಬಳಗ 1960ರ ದಶಕದ ರೋಲೆಕ್ಸ್ ಡೇಟೋನಾದಲ್ಲಿದೆ, ಹಾಯರ್ ಕರೇರಾದಲ್ಲಿದೆ, ಎನಿಕಾರ್‌ನಲ್ಲಿದೆ, ಗ್ಯಾಲೆಟ್‌ನಲ್ಲಿದೆ. ಈಗ ಇವುಗಳ ಬೆಲೆ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ. ವ್ಯತ್ಯಾಸ ಇರುವುದು ಬಹುಪಾಲು ಡಯಲ್ ಮೇಲಿನ ಅಕ್ಷರಗಳಲ್ಲಿ. ಇನ್ನು ವೀನಸ್ 175ರ ಯಂತ್ರೋಪಕರಣಗಳೆಲ್ಲ 1960ರ ದಶಕದ ಆರಂಭದಲ್ಲಿ ಚೀನಾಕ್ಕೆ ಹೋದವು. ವಾಯುಪಡೆಯ ಪೈಲಟ್‌ಗಳಿಗೆ ಕ್ರೋನೋಗ್ರಾಫ್ ಬೇಕಾಗಿತ್ತು. ತಿಯಾಂಜಿನ್‌ನಲ್ಲಿ ಅದರ ಸಂತತಿ ಈಗಲೂ ತಯಾರಾಗುತ್ತಿದೆ. ವ್ಯಾಲ್ಜೂ 7734ರ ಉಪಕರಣಗಳು ಸೋವಿಯತ್ ಒಕ್ಕೂಟ ಸೇರಿದವು, ಅದು ಅಲ್ಲಿ ಪೊಲ್ಯೋಟ್ 3133 ಆಯಿತು. ಜೇಬು ನೋಡಿಕೊಂಡು ಕೊಳ್ಳುವವರಿಗೆ ಈ ವಂಶಾವಳಿ ಗೊತ್ತಿದ್ದರೆ ಬಹಳ ಉಪಯೋಗ.

1969ರ ಕಥೆ ಈ ಹವ್ಯಾಸದವರಿಗೆಲ್ಲ ಬಾಯಿಪಾಠ, ಹಾಗಾಗಿ ಬೇಗ ಮುಗಿಸುತ್ತೇನೆ. ಅಲ್ಲಿಯವರೆಗೆ ಕ್ರೋನೋಗ್ರಾಫ್‌ಗೆ ದಿನಾ ಕೀ ಕೊಡಬೇಕಿತ್ತು. ಕೈ ಅಲುಗಾಟಕ್ಕೇ ಕೀ ತುಂಬಿಕೊಳ್ಳುವ ಆಟೊಮ್ಯಾಟಿಕ್ ಕ್ರೋನೋಗ್ರಾಫ್‌ಗಾಗಿ ಮೂರು ಕಡೆ ಪೈಪೋಟಿ ನಡೆದಿತ್ತು. ಜನವರಿ 10ಕ್ಕೆ ಜೆನಿತ್ ತನ್ನ ಎಲ್ ಪ್ರಿಮೆರೊ ಘೋಷಿಸಿತು. ಗಂಟೆಗೆ 36,000 ಬಡಿತ, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಮಾರ್ಚ್ 3ಕ್ಕೆ ಹಾಯರ್, ಬ್ರೈಟ್ಲಿಂಗ್, ಹ್ಯಾಮಿಲ್ಟನ್-ಬ್ಯೂರೆನ್ ಒಟ್ಟು ಸೇರಿ ಇನ್ನೊಂದನ್ನು ತಂದವು. ಅದರಲ್ಲಿ ಕೀ ತಿರುಪು ಎಡಗಡೆ, ಗುಂಡಿಗಳು ಬಲಗಡೆ. ಜಪಾನಿನ ಸೀಕೊ ಗದ್ದಲ ಮಾಡದೆ ಅದೇ ವರ್ಷ ತನ್ನ 6139 ಅನ್ನು ಅಂಗಡಿಗೇ ತಲುಪಿಸಿಬಿಟ್ಟಿತು. ಯಾರು ಮೊದಲು ಅನ್ನುವ ವಾದ ಇನ್ನೂ ಮುಗಿದಿಲ್ಲ, ಮುಗಿಯುವ ಲಕ್ಷಣವೂ ಇಲ್ಲ. ತಮಾಷೆಯೆಂದರೆ ಅದೇ ವರ್ಷ ಡಿಸೆಂಬರ್ 25ಕ್ಕೆ ಅದೇ ಸೀಕೊ ಬ್ಯಾಟರಿಯಿಂದ ಓಡುವ ಕ್ವಾರ್ಟ್ಜ್ ಕೈಗಡಿಯಾರ ಬಿಟ್ಟಿತು. ಮೂರು ಪೈಪೋಟಿಗಾರರ ಶ್ರಮಕ್ಕೂ ಕುತ್ತು ತಂದದ್ದು ಅದು.

ಆಮೇಲಿನ ಹತ್ತು ವರ್ಷದಲ್ಲಿ ಸ್ವಿಸ್ ಕಂಪನಿಗಳು ಒಂದರ ಹಿಂದೊಂದು ಬಾಗಿಲು ಹಾಕಿದವು. ಈ ಕಾಲದ್ದೇ ನನಗೆ ತುಂಬ ಇಷ್ಟವಾದ ಒಂದು ಕಥೆ. 1975ರಲ್ಲಿ ಜೆನಿತ್‌ನ ಅಮೆರಿಕನ್ ಮಾಲೀಕರು ಮೆಕ್ಯಾನಿಕಲ್ ವಾಚು ಸಾಕು, ಉಪಕರಣಗಳನ್ನು ತೆಗೆದುಬಿಡಿ ಅಂತ ಆದೇಶಿಸಿದರು. ಲ ಲೋಕ್ಲ್ ಕಾರ್ಖಾನೆಯಲ್ಲಿ ಶಾರ್ಲ್ ವೆರ್ಮೋ ಅಂತ ಒಬ್ಬ ಕೆಲಸಗಾರ ಇದ್ದ. ಆತ ಎಲ್ ಪ್ರಿಮೆರೊ ಮಾಡುವ ಅಚ್ಚುಗಳು, ಕ್ಯಾಮ್‌ಗಳು, ನಕ್ಷೆಗಳನ್ನೆಲ್ಲ ಒಂದೊಂದಾಗಿ ಅಟ್ಟಕ್ಕೆ ಸಾಗಿಸಿ ಬಚ್ಚಿಟ್ಟ. ಯಾವುದು ಎಲ್ಲಿದೆ ಅಂತ ಪಟ್ಟಿಯನ್ನೂ ಬರೆದಿಟ್ಟ. 1980ರ ದಶಕದಲ್ಲಿ ಮತ್ತೆ ಬೇಡಿಕೆ ಬಂದಾಗ ಆ ಅಟ್ಟದಿಂದಲೇ ಎಲ್ಲ ಇಳಿಯಿತು. 1988ರಿಂದ 2000ದವರೆಗೆ ರೋಲೆಕ್ಸ್ ತನ್ನ ಡೇಟೋನಾಗೆ ಹಾಕಿದ್ದು ಇದೇ ಯಂತ್ರದ ಮಾರ್ಪಾಟು. ಒಬ್ಬ ಕೆಲಸಗಾರ ಮಾಲೀಕನ ಮಾತು ಕೇಳಿದ್ದರೆ ಅದು ಇರುತ್ತಿರಲಿಲ್ಲ.

ಚಂದ್ರನ ವಾಚಿನ ಬಗ್ಗೆ ಬರೆಯದಿದ್ದರೆ ಓದುಗರು ಬಿಡುವುದಿಲ್ಲ. ಸ್ಪೀಡ್‌ಮಾಸ್ಟರ್ ಅನ್ನು ನಾಸಾ 1965ರ ಮಾರ್ಚ್‌ನಲ್ಲಿ ಒಪ್ಪಿತು. ಬಿಸಿ, ಚಳಿ, ಕಂಪನ, ಒತ್ತಡ ಸೇರಿ 11 ಪರೀಕ್ಷೆ ದಾಟಿದ ವಾಚು ಅದು. ಎಲ್ಲರೂ ಹೇಳುವುದು 1969ರ ಜುಲೈ. ಆ ದಿನ ಆರ್ಮ್‌ಸ್ಟ್ರಾಂಗ್ ತಮ್ಮ ವಾಚನ್ನು ನೌಕೆಯಲ್ಲೇ ಬಿಟ್ಟಿದ್ದರು, ಯಾಕೆಂದರೆ ಅಲ್ಲಿನ ಎಲೆಕ್ಟ್ರಾನಿಕ್ ಗಡಿಯಾರ ಕೈ ಕೊಟ್ಟಿತ್ತು. ಕಟ್ಟಿಕೊಂಡು ಇಳಿದದ್ದು ಆಲ್ಡ್ರಿನ್. ಆ ವಾಚು ಆಮೇಲೆ ಮ್ಯೂಸಿಯಂಗೆ ಕಳಿಸುವ ದಾರಿಯಲ್ಲಿ ಕಾಣೆಯಾಯಿತು, ಇನ್ನೂ ಸಿಕ್ಕಿಲ್ಲ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1970ರ ಏಪ್ರಿಲ್. ಅಪೊಲೊ 13ರಲ್ಲಿ ಆಮ್ಲಜನಕದ ಟ್ಯಾಂಕ್ ಸಿಡಿದಿತ್ತು. ವಿದ್ಯುತ್ ಉಳಿಸಲು ಹೆಚ್ಚುಕಮ್ಮಿ ಎಲ್ಲವನ್ನೂ ಆರಿಸಿದ್ದರು. ದಾರಿ ಸರಿಪಡಿಸಲು ಎಂಜಿನ್ ಅನ್ನು 14 ಸೆಕೆಂಡ್ ಉರಿಸಬೇಕಿತ್ತು. ಜಾಕ್ ಸ್ವಿಗರ್ಟ್ ಕೈಯಲ್ಲಿದ್ದ ವಾಚಿನಲ್ಲೇ ಆ 14 ಸೆಕೆಂಡ್ ಎಣಿಸಿದರು. ಒಂದು ಒತ್ತು, ಇನ್ನೊಂದು ಒತ್ತು. ಕಾರು ರೇಸಿಗೆ ಅಂತ ಮಾಡಿದ ವಾಚು ಅದು.

ಈಗ ದುಡ್ಡಿನ ಮಾತು. 2017ರ ಅಕ್ಟೋಬರ್‌ನಲ್ಲಿ ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ಡೇಟೋನಾ ನ್ಯೂಯಾರ್ಕ್ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರ್‌ಗೆ ಹೋಯಿತು. ಅದು ಹೆಂಡತಿ ಕೊಟ್ಟ ವಾಚು. ಹುಷಾರಾಗಿ ಓಡಿಸು ಅಂತ ಹಿಂಬದಿಯಲ್ಲಿ ಕೆತ್ತಿಸಿದ್ದರು. ಆ ಥರದ ಡಯಲ್, ಪುಟ್ಟ ಡಯಲ್‌ಗಳಲ್ಲಿ ಸಣ್ಣ ಚೌಕಗಳಿರುವುದು, ಹೊಸದಾಗಿದ್ದಾಗ ಯಾರಿಗೂ ಬೇಕಿರಲಿಲ್ಲ. ಅಂಗಡಿಗಳಲ್ಲಿ ಧೂಳು ತಿನ್ನುತ್ತಿತ್ತು. ಕೊಂಡವರು ಕಡಿಮೆ, ಹಾಗಾಗಿ ಮಾಡಿದ್ದೂ ಕಡಿಮೆ, ಹಾಗಾಗಿ ಈಗ ಸಿಗುವುದಿಲ್ಲ, ಹಾಗಾಗಿ ಈ ಬೆಲೆ. ಪಾಟೆಕ್ ಫಿಲಿಪ್ ಕಂಪನಿಯ 1518 ಅನ್ನುವ ಕ್ರೋನೋಗ್ರಾಫಿನದ್ದೂ ಇದೇ ದಾರಿ. 1941ರಿಂದ ಒಟ್ಟು 281 ಮಾಡಿದರು, ಬಹುತೇಕ ಚಿನ್ನದ್ದು. ಸಾದಾ ಉಕ್ಕಿನ ಕೇಸಿನವು ನಾಲ್ಕು ಮಾತ್ರ ಗೊತ್ತಿವೆ. ಅವುಗಳಲ್ಲೊಂದು 2016ರಲ್ಲಿ 1 ಕೋಟಿ 10 ಲಕ್ಷ ಸ್ವಿಸ್ ಫ್ರಾಂಕ್ ದಾಟಿತು. ಇಲ್ಲಿ ಚಿನ್ನಕ್ಕಿಂತ ಉಕ್ಕು ದುಬಾರಿ.

ಇಂಥ ಸುದ್ದಿ ಓದಿ, ಹೂಡಿಕೆ ಅಂತ ಇದಕ್ಕೆ ಇಳಿಯುವವರಿದ್ದಾರೆ. ಬೇಡ ಅಂತಲೇ ನನ್ನ ಸಲಹೆ. ಹರಾಜಿನಲ್ಲಿ ಮೆರೆಯುವ ಒಂದಕ್ಕೆ ಬೆಲೆ ಏರದೆ ಕೂತ ಸಾವಿರ ವಾಚುಗಳಿವೆ. ಸರ್ವಿಸ್ ಖರ್ಚು ಬೇರೆ. ಎರಡು ಯಂತ್ರ ಒಂದೇ ಕೇಸಿನಲ್ಲಿ ಇರುವಂಥದ್ದು, ಮಾಮೂಲಿ ವಾಚಿಗಿಂತ ಬಹಳ ಹೊತ್ತಿನ ಕೆಲಸ. ಬಿಡಿಭಾಗ ಮಾಡುತ್ತಿದ್ದ ಕಂಪನಿಗಳೇ ಇಲ್ಲ, ಇನ್ನೊಂದು ಹಳೇ ವಾಚು ಬಿಚ್ಚಿ ತೆಗೆಯಬೇಕು. ಆ ಬಿಚ್ಚಿದ ವಾಚಿನ ಗತಿ ನೆನೆದರೆ ಸಂಕಟ. ನೀರಿನ ಹತ್ತಿರ ಒಯ್ಯುವ ಹಾಗಿಲ್ಲ, ಡಯಲ್ ಮೇಲೆ ಏನೇ ಬರೆದಿರಲಿ. ಗುಂಡಿಯ ರಬ್ಬರ್ ಯಾವತ್ತೋ ಒಣಗಿರುತ್ತದೆ.

ಹಾಗಾದರೆ ಬೆಲೆ ಎಲ್ಲಿದೆ? ನನ್ನ ಮಟ್ಟಿಗೆ, ಯಾರೋ ಚೆನ್ನಾಗಿ ಬಳಸಿ, ಆಮೇಲೆ ಯಾರೂ ಚೆಂದ ಮಾಡಲು ಹೋಗದೆ ಉಳಿದ ವಾಚಿನಲ್ಲಿ. ಇಂಥದ್ದು ಸಿಗುವುದೇ ಕಷ್ಟ. ಹಳೇ ವಾಚುಗಳ ಶತ್ರು ಬಳಕೆಗಿಂತ ಪಾಲಿಶ್. ಪಟ್ಟಿ ಸಿಕ್ಕಿಸುವ ಕೊಂಬುಗಳನ್ನು ನೋಡಿ. ಕಾರ್ಖಾನೆಯಲ್ಲಿ ಅವುಗಳ ಅಂಚು ಚೂಪಾಗಿತ್ತು, ಎರಡು ಮುಖ ಸೇರುವಲ್ಲಿ ಗೆರೆ ಎಳೆದ ಹಾಗಿತ್ತು. ಪ್ರತಿ ಸರ್ವಿಸ್‌ಗೂ ಚಕ್ರಕ್ಕೆ ಹಿಡಿದು ಉಜ್ಜಿದರೆ ಅಂಚು ಕರಗುತ್ತದೆ. ನಾಲ್ಕನೇ ಸಲಕ್ಕೆ ಕೇಸು ಸಾಬೂನಿನ ಚೂರು. ಫಳಫಳ ಹೊಳೆಯುತ್ತದೆ, ಆದರೆ ಮಾಡಿದವನ ಕೈ ಅದರಲ್ಲಿ ಉಳಿದಿಲ್ಲ. ಗೀರು ಇರುವ ಕೇಸು ನನಗೆ ಎಷ್ಟೋ ಮೇಲು.

ಡಯಲ್ ವಿಷಯ ಇನ್ನೂ ಸೂಕ್ಷ್ಮ. ಕಲೆ ಬಿದ್ದ ಡಯಲ್ ಮೇಲೆ ಹೊಸದಾಗಿ ಬಣ್ಣ ಹೊಡೆದು ಅಕ್ಷರ ಅಚ್ಚು ಹಾಕಿ ಮಾರುವುದು ಹಳೇ ದಂಧೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಲೂಪ್ ಹಿಡಿದು ನೋಡಿದರೆ ಮೂಲ ಅಚ್ಚಿನ ಅಕ್ಷರ ಡಯಲ್ ಮೇಲೆ ಉಬ್ಬಿ ನಿಂತಿರುತ್ತದೆ, ಅಂಚು ಕತ್ತರಿಸಿದ ಹಾಗಿರುತ್ತದೆ. ಮರುಬಣ್ಣದ್ದು ಸ್ವಲ್ಪ ಹರಡಿರುತ್ತದೆ. ಟ್ಯಾಕಿಮೀಟರ್ ಅಂಕಿಗಳು ಗೆರೆಗೆ ಸರಿಯಾಗಿ ಕೂತಿರುವುದಿಲ್ಲ. ಇಲ್ಲಿ ಮತ್ತೆ ಕಸುಬಿನ ಮಾತೇ ಬರುತ್ತದೆ. ಮೊದಲು ಅಚ್ಚು ಹಾಕಿದವರಿಗೆ ಆ ಗೆರೆ ಒಂದು ಕೂದಲು ಆಚೀಚೆ ಆದರೂ ವೇಗದ ಲೆಕ್ಕ ತಪ್ಪುತ್ತದೆ ಅಂತ ಗೊತ್ತಿತ್ತು. ಮರುಬಣ್ಣದವನಿಗೆ ಅದು ಬರೀ ಚಿತ್ತಾರ.

ಕತ್ತಲಲ್ಲಿ ಹೊಳೆಯುವ ಬಣ್ಣವೂ ಸಾಕ್ಷಿ ಹೇಳುತ್ತದೆ. 1960ರ ದಶಕದವರೆಗೆ ರೇಡಿಯಂ ಬಳಸುತ್ತಿದ್ದರು, ಆಮೇಲೆ ಟ್ರಿಟಿಯಂ. ಟ್ರಿಟಿಯಂ ಇದ್ದರೆ 6ರ ಕೆಳಗೆ ಅಂಚಿನಲ್ಲಿ ಸಾಮಾನ್ಯವಾಗಿ ಸಣ್ಣ ಟೀ ಅಕ್ಷರ ಇರುತ್ತದೆ. ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, 12.3 ವರ್ಷ. 60 ವರ್ಷ ಕಳೆದರೆ ನೂರರಲ್ಲಿ ಮೂರು ಪಾಲು ಉಳಿದಿರುತ್ತದೆ ಅಷ್ಟೇ. ಹಾಗಾಗಿ 60 ವರ್ಷದ ವಾಚು ಕತ್ತಲಲ್ಲಿ ರಾತ್ರಿಯಿಡೀ ಹೊಳೆದರೆ ಸಂತೋಷ ಪಡಬೇಡಿ, ಬಣ್ಣ ನಿನ್ನೆ ಮೊನ್ನೆಯದ್ದು. ರೇಡಿಯಂ ಕಥೆ ಬೇರೆ. ಅದರ ಅರ್ಧಾಯುಷ್ಯ ಸುಮಾರು 1600 ವರ್ಷ. ಹೊಳಪು ಆರಿಹೋಗಿರುತ್ತದೆ, ಯಾಕೆಂದರೆ ಹೊಳೆಯುವ ಪುಡಿ ಸವೆದುಹೋಗಿರುತ್ತದೆ. ವಿಕಿರಣ ಹಾಗೇ ಇರುತ್ತದೆ. ಇಂಥ ವಾಚನ್ನು ಮನೆಯಲ್ಲಿ ಬಿಚ್ಚಬಾರದು, ಬಣ್ಣ ಕೆರೆಯಬಾರದು, ಪುಡಿ ಮೂಗಿಗೆ ಹೋಗಬಾರದು. ಆ ಬಣ್ಣ ಬಳಿಯುತ್ತಿದ್ದ ಹೆಣ್ಣುಮಕ್ಕಳು ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡಿಕೊಳ್ಳುತ್ತಿದ್ದರು. ಅಮೆರಿಕದಲ್ಲಿ 1920ರ ದಶಕದಲ್ಲಿ ಅವರಲ್ಲಿ ಎಷ್ಟೋ ಜನ ದವಡೆ ಕೊಳೆತು ಸತ್ತರು. ಈ ಹವ್ಯಾಸದಲ್ಲಿ ಇದನ್ನೂ ತಿಳಿದಿರಬೇಕು ಅಂತ ನನಗನಿಸುತ್ತದೆ. ಕಸುಬಿನ ಗುರುತು ಅಂದಾಗ ಡಾಕ್ಟರು, ಪೈಲಟ್ಟು ಮಾತ್ರ ನೆನಪಾದರೆ ಸಾಲದು.

ಇನ್ನೊಂದು ಗುರುತು ಹೊರಗೆ ಕಾಣುವುದೇ ಇಲ್ಲ. ಹಿಂಬದಿ ಮುಚ್ಚಳದ ಒಳಮೈಯಲ್ಲಿ ರಿಪೇರಿಯವರು ಸೂಜಿ ಮೊನೆಯಿಂದ ಗೀಚಿರುತ್ತಾರೆ. ಒಂದು ಸಂಖ್ಯೆ, ಒಂದು ತಾರೀಖು, ಇಬ್ಬರು ಮೂವರ ಬೇರೆ ಬೇರೆ ಕೈಬರಹ. ನನ್ನ ಲ್ಯಾಂಡೆರಾನ್‌ನಲ್ಲಿ ಇಂಥವು ಒಂದರ ಪಕ್ಕ ಒಂದಿವೆ. ಯಾರೋ ಈ ವಾಚನ್ನು ಮತ್ತೆ ಮತ್ತೆ ರಿಪೇರಿಗೆ ಒಯ್ದಿದ್ದಾರೆ, ಅಂದರೆ ಅವರಿಗೆ ಇದು ಕೆಲಸಕ್ಕೆ ಬೇಕಿತ್ತು. ಅದಕ್ಕೆ ಮಾರುಕಟ್ಟೆ ಒಂದು ಪೈಸೆಯೂ ಜಾಸ್ತಿ ಕೊಡುವುದಿಲ್ಲ. ಕಪ್ಪು ಡಯಲ್ ಬಿಸಿಲಿಗೆ ಕಂದು ತಿರುಗಿದ್ದರೆ ಮಾತ್ರ ಮುಗಿಬಿದ್ದು ಕೊಡುತ್ತದೆ.

ಶುರು ಮಾಡುವವರು ಯಾವುದನ್ನು ಕೊಳ್ಳಬೇಕು ಅಂತ ಕೇಳುತ್ತಾರೆ. ಚಂದ್ರ, ರೇಸು, ನಟರು ಇವರ ಸುದ್ದಿಗೆ ಹೋಗಬೇಡಿ. ಲ್ಯಾಂಡೆರಾನ್ 48, ವ್ಯಾಲ್ಜೂ 7733 ಬಳಗ, ಸೀಕೊ 6139 ಇವುಗಳಲ್ಲಿ ಒಂದನ್ನು ನೋಡಿ. ಕೊನೆಯದ್ದು ಬಾಹ್ಯಾಕಾಶಕ್ಕೂ ಹೋಗಿದೆ. 1973ರಲ್ಲಿ ಗಗನಯಾತ್ರಿ ವಿಲಿಯಂ ಪೋಗ್ ಸ್ಕೈಲ್ಯಾಬ್ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಾಗ ನಾಸಾದ ಒಪ್ಪಿಗೆ ಕೇಳದೆ ತನ್ನ ಸ್ವಂತ ಸೀಕೊವನ್ನು ಜೊತೆಗೆ ಒಯ್ದಿದ್ದರು. ಆದರೆ ಅದರಲ್ಲಿ ಡಯಲಿನಿಂದ ಗುಂಡಿಯವರೆಗೆ ನಕಲಿ ಭಾಗ ಹಾಕಿ ಮಾರುವುದು ಬಹಳ, ಹುಷಾರು.

ದುಡ್ಡು ಕೊಡುವ ಮೊದಲು ಪೂರ್ತಿ ಕೀ ತುಂಬಿಸಿ ಕ್ರೋನೋಗ್ರಾಫ್ ಹೊರಡಿಸಿ. ಅರ್ಧ ಗಂಟೆ ಓಡಲಿ. ಮುಳ್ಳು 60 ದಾಟುವಾಗಲೆಲ್ಲ ನಿಮಿಷದ ಪುಟ್ಟ ಮುಳ್ಳು ಒಂದು ಮನೆ ಮುಂದೆ ಹೋಗುತ್ತದಾ ನೋಡಿ. ಕ್ರೋನೋಗ್ರಾಫ್ ಓಡುವಾಗ ವಾಚೇ ನಿಂತುಹೋದರೆ ಒಳಗೆ ಎಣ್ಣೆ ಒಣಗಿದೆ, ಸರ್ವಿಸ್ ಖರ್ಚನ್ನು ಬೆಲೆಯಲ್ಲಿ ಕಳೆದುಕೊಳ್ಳಿ. ಆಮೇಲೆ ನಿಲ್ಲಿಸಿ ಸೊನ್ನೆಗೆ ತನ್ನಿ. ಕ್ರೋನೋಗ್ರಾಫಿನ ಎಲ್ಲ ಮುಳ್ಳುಗಳೂ ನೆಟ್ಟಗೆ ಸೊನ್ನೆಗೆ ಬರಬೇಕು. ಬೇರೆ ಬೇರೆ ಸೆಕೆಂಡಿನಲ್ಲಿ ನಿಲ್ಲಿಸಿ ನಾಲ್ಕೈದು ಸಲ ಹೀಗೇ ಮಾಡಿ. ಹಳೇ ವಾಚು, ಸುಮ್ನೆ ಒತ್ತಬೇಡಿ ಅಂತ ಮಾರುವವರು ಹೇಳುತ್ತಾರೆ. ಒತ್ತುವುದಕ್ಕೇ ಮಾಡಿದ ವಾಚನ್ನು ಒತ್ತಲು ಬಿಡದವರ ಹತ್ತಿರ ನಾನು ವ್ಯಾಪಾರ ಮಾಡುವುದಿಲ್ಲ.